ಅಪ್ಪ ಇಳಿದು ನೋಡಿದ ಊರುಗಳು

ಮೈಸೂರಿನಲ್ಲಿ ಹುಟ್ಟಿ ಬೆಳೆದವರನ್ನು ಒಮ್ಮೆ ಕೇಳಿ ನೋಡಿ, ಅರಮನೆಯ ಒಳಗೆ ಕೊನೇ ಸಲ ಹೋಗಿದ್ದು ಯಾವಾಗ ಅಂತ. “ಹುಬ್ಬಳ್ಳಿಯಿಂದ ನೆಂಟರು ಬಂದಿದ್ರಲ್ಲ, ಆಗ” ಅಂತಲೋ, “ಸ್ಕೂಲಲ್ಲಿದ್ದಾಗ” ಅಂತಲೋ ಉತ್ತರ ಬರುತ್ತೆ. ಬೇರೆಯವರು ರೈಲು, ವಿಮಾನ ಹತ್ತಿ ಬಂದು ನೋಡುವ ಊರಲ್ಲಿದ್ದುಕೊಂಡು, ನಾಲ್ಕು ದಿನ ರಜೆ ಸಿಕ್ಕರೆ ನಾವು ಊಟಿಗೋ ಗೋವಾಕ್ಕೋ ಓಡುತ್ತೇವೆ. ಹತ್ತಿರದ್ದನ್ನು ಯಾವತ್ತು ಬೇಕಾದರೂ ನೋಡಬಹುದು ಅನ್ನೋ ಧೈರ್ಯ. 2020 ಮತ್ತು 2021, ಈ ಎರಡು ವರ್ಷ ಆ ಧೈರ್ಯವನ್ನೇ ಅಲ್ಲಾಡಿಸಿಬಿಟ್ಟವು.

ನಮ್ಮ ಮನೆಯಲ್ಲಿ ಈ ಮಾತು ಎಲ್ಲರಿಗಿಂತ ಹೆಚ್ಚು ಒಪ್ಪೋದು ನಮ್ಮಪ್ಪನಿಗೆ. ಅಪ್ಪ ಕೆಎಸ್ಸಾರ್ಟಿಸಿ ಕಂಡಕ್ಟರ್ ಆಗಿದ್ದವರು. 1987ರಲ್ಲಿ ಕೆಲಸಕ್ಕೆ ಸೇರಿ 2019ರಲ್ಲಿ ನಿವೃತ್ತರಾದರು. ಮೈಸೂರಿನ ಸುತ್ತಮುತ್ತ ಅವರು ಓಡಾಡದ ರಸ್ತೆಯಿಲ್ಲ. ಯಾವುದಾದರೂ ಊರು ಎಷ್ಟು ದೂರ ಅಂತ ಕೇಳಿದರೆ ಕಿಲೋಮೀಟರ್ ಹೇಳುವುದಿಲ್ಲ, ಎಷ್ಟನೇ ಸ್ಟೇಜ್ ಅಂತ ಹೇಳ್ತಾರೆ. ಆದರೆ ಅಷ್ಟೂ ಊರುಗಳನ್ನು ಅವರು ನೋಡಿದ್ದು ಬಸ್ಸಿನ ಬಾಗಿಲಿನಿಂದ. ಜನರನ್ನು ಇಳಿಸಿ, ಜನರನ್ನು ಹತ್ತಿಸಿಕೊಂಡು, “ರೈಟ್ ರೈಟ್” ಅಂದರೆ ಆ ಊರು ಮುಗಿಯಿತು. ಟೈಮಿಂಗ್ಸ್ ಒಂದು ಕಡೆ, ಹೆಗಲಲ್ಲಿ ಕ್ಯಾಶ್ ಬ್ಯಾಗ್ ಇನ್ನೊಂದು ಕಡೆ. ಬ್ಯಾಗ್ ಬಿಟ್ಟು ಎಲ್ಲಿಗೆ ಹೋಗೋದು?

ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. 2020ರ ಮಾರ್ಚ್‌ನಲ್ಲಿ ಎರಡು ವಾರಕ್ಕೆ ಅಂತ ಲ್ಯಾಪ್‌ಟಾಪ್ ಹಿಡ್ಕೊಂಡು ಕುವೆಂಪುನಗರದ ಮನೆಗೆ ಬಂದವಳು. ಆ ಎರಡು ವಾರ ಮುಗಿಯಲೇ ಇಲ್ಲ. ಮೊದಲನೇ ಅಲೆ ನಮ್ಮ ಬಾಗಿಲು ತಟ್ಟದೆ ದಾಟಿಕೊಂಡು ಹೋಯಿತು. ಎರಡನೆಯದು ಬಿಡಲಿಲ್ಲ. 2021ರ ಮೇ ತಿಂಗಳಲ್ಲಿ ಅಪ್ಪ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು, ಅದರಲ್ಲಿ ಆರು ದಿನ ಆಕ್ಸಿಜನ್ ಮೇಲೆ. ಅದೇ ವಾರ, ಅಪ್ಪನ ಜೊತೆ ಹನ್ನೆರಡು ವರ್ಷ ಒಂದೇ ರೂಟಿನಲ್ಲಿ ಬಸ್ ಓಡಿಸಿದ್ದ ಅವರ ಗೆಳೆಯ ತೀರಿಕೊಂಡರು. ನಾನು ಚಿಕ್ಕಂದಿನಿಂದ ಅವರನ್ನು ಡ್ರೈವರ್ ಮಾಮ ಅಂತಲೇ ಕರೆದವಳು. ಅಪ್ಪ ಮನೆಗೆ ಬಂದು ನಾಲ್ಕು ದಿನ ಆದ ಮೇಲೆ, ಡಾಕ್ಟರನ್ನು ಕೇಳಿಕೊಂಡು ವಿಷಯ ತಿಳಿಸಿದೆವು. ಅಪ್ಪ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಮಣ್ಣಿಗೂ ಹೋಗೋಕಾಗಲಿಲ್ಲ ನೋಡು” ಅಂದರು. ಆಗ ಯಾರೂ ಯಾರ ಮಣ್ಣಿಗೂ ಹೋಗುವ ಹಾಗಿರಲಿಲ್ಲ.

ಮನೆಗೆ ಬಂದ ಅಪ್ಪನಿಗೆ ಹಾಲಿನಿಂದ ಬಚ್ಚಲುಮನೆವರೆಗೆ ನಡೆದರೆ ಏದುಸಿರು. ಡಾಕ್ಟರು ಒಂದು ಲೆಕ್ಕ ಕೊಟ್ಟಿದ್ದರು. ಆರು ನಿಮಿಷ ನಡೀಬೇಕು, ಆಮೇಲೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಬೇಕು. 94ಕ್ಕಿಂತ ಕೆಳಗೆ ಇಳಿದರೆ ಅವತ್ತಿಗೆ ಸಾಕು. ದಿನಾ ಒಂದೊಂದು ನಿಮಿಷ ಹೆಚ್ಚಿಸಬಹುದು, ಅವಸರ ಬೇಡ. ಅಪ್ಪ ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದರು. ಅಮ್ಮ ಗಡಿಯಾರ ನೋಡುತ್ತಾ ಕೂರುತ್ತಿದ್ದಳು.

ಹೊರಗೆ ಊರಿಗೂ ಹಾಗೇ ನಿಧಾನವಾಗಿ ಉಸಿರು ಬರುತ್ತಿತ್ತು. ಜೂನ್ 14ರಿಂದ ರಾಜ್ಯದ ಹಲವು ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲಿಸಿದರು. ಸೋಂಕು ಹೆಚ್ಚಿದ್ದ ಹನ್ನೊಂದು ಜಿಲ್ಲೆಗಳಿಗೆ ಆ ಭಾಗ್ಯ ಇರಲಿಲ್ಲ, ಅದರಲ್ಲಿ ನಮ್ಮ ಮೈಸೂರೂ ಒಂದು. ಬೆಂಗಳೂರಿನವರು ಬೆಳಿಗ್ಗೆ ಐದರಿಂದ ಹತ್ತರವರೆಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಫೋಟೋ ಹಾಕುತ್ತಿದ್ದರೆ ನಾವು ಟೆರೇಸಿನ ಮೇಲೆ ಸುತ್ತು ಹೊಡೆಯುತ್ತಿದ್ದೆವು. ಜುಲೈ 5ಕ್ಕೆ ದೇವಸ್ಥಾನಗಳಲ್ಲಿ ದರ್ಶನಕ್ಕೆ ಅವಕಾಶ ಸಿಕ್ಕಿತು, ಸೇವೆಗಳಿಗಿಲ್ಲ. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಕರ್ಫ್ಯೂ. ಟೀವಿಯಲ್ಲಿ ‘ಅನ್‌ಲಾಕ್ 3.0’ ಅಂತ ಬರುತ್ತಿತ್ತು. ಅದನ್ನು ನೋಡಿ ಅಪ್ಪ, “ಇದೂ ಸ್ಟೇಜ್ ಲೆಕ್ಕಾನೇ ಕಣೇ ಪುಟ್ಟಿ. ಕೊಟ್ಟ ದುಡ್ಡಿಗೆ ಎಷ್ಟು ದೂರವೋ ಅಷ್ಟೇ” ಅಂದರು. ಕಾಯಿಲೆ ಬಿದ್ದ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

ಅಲ್ಲಿಂದ ನಮ್ಮ ಓಡಾಟ ಶುರುವಾಯಿತು. ನಿಯಮ ಮೂರೇ. ನನ್ನ ಹತ್ತು ಗಂಟೆಯ ಮೀಟಿಂಗ್‌ಗೆ ವಾಪಸ್ ಬರುವಷ್ಟು ಹತ್ತಿರ ಇರಬೇಕು. ಜನ ಕಡಿಮೆ ಇರಬೇಕು. ಮತ್ತು, ಇದು ಅಪ್ಪ ಹಾಕಿದ್ದು, ಅವರು ಬಸ್ಸಿನಲ್ಲಿ ದಾಟಿಕೊಂಡು ಹೋಗಿ ಇಳಿಯದೇ ಬಿಟ್ಟ ಜಾಗವಾಗಿರಬೇಕು.

ಮೊದಲ ಸ್ಟೇಜ್ ಮನೆಯಿಂದ ಮೂರು ಕಿಲೋಮೀಟರೂ ಇಲ್ಲದ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಊರಾಚೆಯ ಗದ್ದೆಗಳಿಗೆ ನೀರುಣಿಸಲು ಕಟ್ಟಿಸಿದ ಕೆರೆ. ಈಗ ಊರೇ ಬೆಳೆದು ಕೆರೆಯನ್ನು ಸುತ್ತುವರಿದಿದೆ. ಪಕ್ಕದಲ್ಲೇ ಮಾನಸಗಂಗೋತ್ರಿ, ಕುವೆಂಪು ಕುಲಪತಿಗಳಾಗಿದ್ದಾಗ ಕಟ್ಟಿ ಹೆಸರಿಟ್ಟ ವಿಶ್ವವಿದ್ಯಾನಿಲಯದ ಆವರಣ. ಅವರು ವಾಕಿಂಗ್ ಬರುತ್ತಿದ್ದ ಕೆರೆ ಅಂತ ಮೈಸೂರಿನವರಿಗೆಲ್ಲ ಇದರ ಮೇಲೆ ಒಂದು ಹೆಮ್ಮೆ.

ಕೆರೆ ಏರಿಯ ಮೇಲೆ ಅವತ್ತು ಅಪ್ಪ ನಡೆದದ್ದು ಎಂಟು ನಿಮಿಷ. ಪೂರ್ತಿ ಸುತ್ತು ನಾಲ್ಕೂವರೆ ಕಿಲೋಮೀಟರಿನ ಆಸುಪಾಸು ಇದೆ, ಅದರ ಯೋಚನೆಯೇ ಇರಲಿಲ್ಲ. ಎಂಟು ನಿಮಿಷ ನಡೆದು ಒಂದು ಕಲ್ಲುಬೆಂಚಿನ ಮೇಲೆ ಕುಳಿತೆವು. ಆಕ್ಸಿಮೀಟರ್ 95 ತೋರಿಸಿತು. ನೀರಿನ ಮಧ್ಯೆ ಒಣಗಿದ ಮರದ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಹೆಜ್ಜಾರ್ಲೆಗಳ ಒಂದು ಗುಂಪು ಸಾಲಾಗಿ ತೇಲಿಕೊಂಡು ಬಂತು. ಕೊಕ್ಕಿನ ಕೆಳಗೆ ಚೀಲ ಇರುವ ದೊಡ್ಡ ಹಕ್ಕಿ ಅದು. ಅಪ್ಪ ಅದನ್ನು ಬಹಳ ಹೊತ್ತು ನೋಡಿ, “ನೋಡು, ಅದಕ್ಕೂ ಬ್ಯಾಗ್ ಇದೆ” ಅಂದರು. ಅಮ್ಮ ಮಾಸ್ಕ್ ಒಳಗೇ ನಕ್ಕಳು.

ಕೂತರೆ ಮಾತ್ರ ಕಾಣುವಂಥವು ಕೆಲವಿರುತ್ತವೆ ಅಂತ ನನಗೆ ಗೊತ್ತಾಗಿದ್ದು ಆ ಬೆಂಚಿನ ಮೇಲೆ. ಓದುವಾಗ ಇದೇ ಕೆರೆ ಸುತ್ತ ನಾನು ಜಾಗಿಂಗ್ ಮಾಡುತ್ತಿದ್ದೆ. ಕಿವಿಯಲ್ಲಿ ಇಯರ್‌ಫೋನ್, ಕಣ್ಣು ಕೈಗಡಿಯಾರದ ಮೇಲೆ. ಈಗ ಅಪ್ಪನ ಉಸಿರಿನ ವೇಗಕ್ಕೆ ನಡೆಯುತ್ತಾ, ಎಂಟು ನಿಮಿಷಕ್ಕೊಮ್ಮೆ ಕೂರುತ್ತಾ ಹೋದರೆ ಒಂದೊಂದು ಬೆಂಚೂ ಒಂದೊಂದು ಊರು. ಒಂದರ ಎದುರು ನೀರುಕಾಗೆ, ಇನ್ನೊಂದರ ಎದುರು ಮಿಂಚುಳ್ಳಿ, ಮತ್ತೊಂದರ ಹತ್ತಿರ ಬಿದಿರು ಮೆಳೆ. ಜುಲೈ ಕೊನೆಯ ಹೊತ್ತಿಗೆ ನಾಲ್ಕು ಬೆಂಚು ದಾಟಿದೆವು.

ಎರಡನೇ ಸ್ಟೇಜ್ ಚಾಮುಂಡಿ ಬೆಟ್ಟದ ನಂದಿ. ಅಪ್ಪ ಬೆಟ್ಟದ 201ನೇ ನಂಬರ್ ಬಸ್ಸಿನಲ್ಲೂ ಕೆಲವು ಕಾಲ ಡ್ಯೂಟಿ ಮಾಡಿದವರು. ಆಷಾಢ ಶುಕ್ರವಾರಗಳಲ್ಲಿ ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲದಂತೆ ಜನರನ್ನು ಮೇಲಕ್ಕೆ ಸಾಗಿಸಿದ್ದಾರೆ. ಆದರೆ ಬಸ್ಸು ದೊಡ್ಡ ರಸ್ತೆಯಲ್ಲೇ ಹತ್ತಿ ದೊಡ್ಡ ರಸ್ತೆಯಲ್ಲೇ ಇಳಿಯುತ್ತೆ. ನಂದಿ ಇರುವುದು ಬೇರೆ ದಾರಿಯಲ್ಲಿ. ಹೀಗಾಗಿ ಮೈಸೂರಿನ ಅಷ್ಟು ದೊಡ್ಡ ನಂದಿಯನ್ನು ಅಪ್ಪ ನೋಡಿದ್ದು ಮದುವೆಯಾದ ಹೊಸದರಲ್ಲಿ ಒಂದೇ ಸಲ.

ಆ ವರ್ಷ ಆಷಾಢ ಶುಕ್ರವಾರಗಳಲ್ಲಿ, ವಾರದ ಕೊನೆಯಲ್ಲಿ ಬೆಟ್ಟಕ್ಕೆ ಭಕ್ತರನ್ನು ಬಿಡುತ್ತಿರಲಿಲ್ಲ. ನಾವು ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ ನಂದಿಯ ಮುಂದೆ ಇದ್ದೆವು. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ. ಮೆಟ್ಟಿಲು ಹತ್ತಿ ಬರುವವರಿಗೆ ಸಾವಿರ ಮೆಟ್ಟಿಲಲ್ಲಿ ಸುಮಾರು ಏಳುನೂರು ಮುಗಿದ ಮೇಲೆ ಇವನು ಸಿಗುತ್ತಾನೆ. ನಾವು ಕಾರಿನಲ್ಲಿ ಬಂದಿದ್ದರಿಂದ ಮೆಟ್ಟಿಲು ಲೆಕ್ಕಕ್ಕಿಲ್ಲ. ಆದರೂ ಅಪ್ಪ ನಂದಿಗೆ ಮೂರು ಪ್ರದಕ್ಷಿಣೆ ಹಾಕಿದರು. ಕುತ್ತಿಗೆಯ ಗಂಟೆಸರ, ಒಂದರ ಮೇಲೊಂದು ಹಾರ, ಮಡಿಸಿದ ಕಾಲಿನ ಗೊರಸು, ಎಲ್ಲವನ್ನೂ ಹತ್ತಿರದಿಂದ ನೋಡಿದರು. ಮೂರನೇ ಸುತ್ತಿಗೆ ನಿಂತು ಉಸಿರು ತೆಗೆದುಕೊಂಡು, “ಇಷ್ಟು ವರ್ಷ ಇಲ್ಲೇ ಕೂತಿದ್ದಾನೆ, ಒಂದು ದಿನ ರಜೆ ಇಲ್ಲ” ಅಂದರು. ಬೆಟ್ಟದ ಕೆಳಗೆ ಊರು ಮಂಜಿನೊಳಗೆ ಇನ್ನೂ ಎದ್ದಿರಲಿಲ್ಲ.

ವಾಪಸ್ ಬರುವಾಗ ಕಾರು ತಿರುಗಿಸಲು ಜಾಗ ಸಾಲದಾಯಿತು. ಅಪ್ಪ ಇಳಿದು ಹಿಂದೆ ನಿಂತು ಕಾರಿನ ಮೇಲೆ ಟಪ್ ಟಪ್ ಅಂತ ಎರಡು ಸಲ ತಟ್ಟಿದರು, ಅಂದರೆ ಬಾ ಅಂತ. ಒಂದು ಸಲ ತಟ್ಟಿದರೆ ನಿಲ್ಲಿಸು. ಕೊನೆಗೆ “ಹೋಲ್ಡಾನ್!” ಅಂತ ಒಂದು ಕೂಗು. ಆಸ್ಪತ್ರೆಯಿಂದ ಬಂದ ಮೇಲೆ ಅವರ ಗಂಟಲಿಂದ ಅಷ್ಟು ದೊಡ್ಡ ದನಿ ಬಂದಿದ್ದು ಅದೇ ಮೊದಲು. ಅಮ್ಮ ಹಿಂದಿನ ಸೀಟಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ನನಗೆ ಕನ್ನಡಿಯಲ್ಲಿ ಕಾಣಿಸಿತು.

ಆಗಸ್ಟ್‌ನಲ್ಲಿ ಗಡಿ ಜಿಲ್ಲೆಗಳಿಗೆ ವಾರಾಂತ್ಯದ ಕರ್ಫ್ಯೂ ಬಂತು. ಕೇರಳ, ಮಹಾರಾಷ್ಟ್ರಗಳಿಗೆ ಅಂಟಿಕೊಂಡಿರುವ ಎಂಟು ಜಿಲ್ಲೆಗಳಲ್ಲಿ ಮೈಸೂರೂ ಸೇರಿತ್ತು. ಸಾಫ್ಟ್‌ವೇರಿನವರಿಗೆ ಬಿಡುವಿರುವುದೇ ಶನಿವಾರ, ಭಾನುವಾರ. ಆ ಎರಡೂ ದಿನ ಮನೆಯೊಳಗೆ. ಹಾಗಾಗಿ ನಾವು ಬುಧವಾರ, ಗುರುವಾರ ಬೆಳಗಿನ ಹೊತ್ತನ್ನೇ ಹಿಡಿದೆವು. ಐದೂವರೆಗೆ ಹೊರಟರೆ ಒಂಬತ್ತೂವರೆಗೆ ಮನೆ. ಇಷ್ಟು ಸಮಯದಲ್ಲಿ ಎಷ್ಟು ನೋಡಬಹುದು ಅಂತ ಅನುಮಾನವಿದ್ದವರು ಒಂದು ಸಲ ಪ್ರಯತ್ನಿಸಿ ನೋಡಿ. ಬೆಳಗಿನ ನಾಲ್ಕು ಗಂಟೆಗಳಲ್ಲಿ ಇಡೀ ದಿನದ ಪ್ರವಾಸಕ್ಕಿಂತ ಹೆಚ್ಚು ಸಿಗುತ್ತೆ, ಸುಸ್ತು ಮಾತ್ರ ಇರಲ್ಲ.

ಮೂರನೇ ಸ್ಟೇಜ್ ಶ್ರೀರಂಗಪಟ್ಟಣ. ಮೈಸೂರು-ಬೆಂಗಳೂರು ರೂಟಿನಲ್ಲಿ ಅಪ್ಪ ಎಷ್ಟು ಸಾವಿರ ಸಲ ಕಾವೇರಿ ದಾಟಿದ್ದಾರೋ ಅವರಿಗೇ ಲೆಕ್ಕವಿಲ್ಲ. ಸೇತುವೆ ಬಂದ ಕೂಡಲೇ ಬಸ್ಸಿನಲ್ಲಿದ್ದ ಹೆಂಗಸರು ಕಿಟಕಿಯಿಂದ ಹೊಳೆಗೆ ಕಾಸು ಎಸೆದು ಕೈಮುಗಿಯೋರು. ಅಪ್ಪ ಅದೇ ಹೊತ್ತಿಗೆ, “ಶ್ರೀರಂಗಪಟ್ಟಣ ಯಾರ್ರೀ, ಮುಂದಕ್ಕೆ ಬನ್ನಿ” ಅಂತ ಕೂಗುತ್ತಾ ಇರುತ್ತಿದ್ದರು. ಹೊಳೆಗೆ ಬೆನ್ನು, ಜನಕ್ಕೆ ಮುಖ.

ನಾವು ಹೋದದ್ದು ಹಳೇ ಸೇತುವೆಯ ಹತ್ತಿರದ ನದೀತೀರಕ್ಕೆ. ವೆಲ್ಲೆಸ್ಲಿ ಸೇತುವೆ ಅಂತ ಅದರ ಹೆಸರು. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ, ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ 1804ರಲ್ಲಿ ಕಟ್ಟಿದ್ದು. ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿಯ ಹೆಸರಿಟ್ಟರು. ಗಾರೆಯ ಕಮಾನುಗಳಿಲ್ಲ, ಬರೀ ಕಲ್ಲಿನ ಕಂಬಗಳು ಸಾಲಾಗಿ ಹೊಳೆಯೊಳಗೆ ನಿಂತು ಮೇಲೆ ಕಲ್ಲಿನ ಚಪ್ಪಡಿಗಳನ್ನು ಹೊತ್ತಿವೆ. ಎಷ್ಟೋ ಪ್ರವಾಹಗಳನ್ನು ತಡೆದುಕೊಂಡಿದೆ. ಮಳೆಗಾಲದ ಕೆಂಪು ನೀರು ಕಂಬಗಳ ಮಧ್ಯೆ ನುಗ್ಗಿ ಹೋಗುತ್ತಿತ್ತು.

ಕಾಲು ಇಳಿಬಿಡುವಷ್ಟು ನಿಧಾನವಾಗಿರಲಿಲ್ಲ ನೀರು. ಅಪ್ಪ ದಂಡೆಯ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ಒಂದಿಷ್ಟು ನೀರು ತರಿಸಿಕೊಂಡು ಪಾದಕ್ಕೆ ಹಾಕಿಕೊಂಡರು, ತಲೆಗೆ ಪ್ರೋಕ್ಷಿಸಿಕೊಂಡರು. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಹೊಳೆಗೆ ಎಸೆದರು. “ಕಂಡಕ್ಟರು ಟಿಕೆಟ್ ತಗೊಂಡ ಹಾಗಾಯ್ತು” ಅಂತ ಅಮ್ಮ ಛೇಡಿಸಿದಳು. ಅಮ್ಮ ತಂದಿದ್ದ ಚಪಾತಿ, ಕಾಯಿಚಟ್ನಿ ತಿಂದೆವು. ಆವತ್ತಿನ ಮೀಟಿಂಗ್‌ಗೆ ನಾನು ಕಾಲಿಗೆ ಅಂಟಿದ ಕೆಮ್ಮಣ್ಣಿನ ಸಮೇತ ಕೂತಿದ್ದೆ. ಕ್ಯಾಮೆರಾದಲ್ಲಿ ಕಾಲು ಕಾಣಲ್ಲ, ಅದೊಂದು ಅನುಕೂಲ.

ಸೆಪ್ಟೆಂಬರ್ ಹೊತ್ತಿಗೆ ಅಪ್ಪನಿಗೆ ಎರಡನೇ ಡೋಸ್ ಆಯಿತು. ಕೋವಿಡ್ ಬಂದವರು ಗುಣವಾಗಿ ಮೂರು ತಿಂಗಳು ಕಾಯಬೇಕಿತ್ತಲ್ಲ, ಅದಕ್ಕೇ ತಡ. ಕುಕ್ಕರಹಳ್ಳಿ ಕೆರೆಯಲ್ಲಿ ಅರ್ಧ ಸುತ್ತು ಕೂರದೆ ನಡೆಯುವಷ್ಟು ಆಗಿದ್ದರು. ಒಂದು ರಾತ್ರಿ ಊಟ ಮಾಡುತ್ತಾ, “ಸೋಮನಾಥಪುರಕ್ಕೆ ಹೋಗಣ” ಅಂದರು. ಆಮೇಲೆ ಸ್ವಲ್ಪ ತಡೆದು, “ದಾರೀಲಿ ಅವನ ಮನೆಗೂ ಹೋಗಿ ಮಾತಾಡಿಸ್ಕೊಂಡು ಬರಣ” ಅಂದರು. ಅಮ್ಮ, ನಾನು ಮುಖ ಮುಖ ನೋಡಿಕೊಂಡೆವು. ಮೂರು ತಿಂಗಳಿಂದ ಅಪ್ಪ ಹೆಜ್ಜೆ ಎಣಿಸುತ್ತಿದ್ದದ್ದು ಯಾವ ಊರು ಮುಟ್ಟೋಕೆ ಅಂತ ನಮಗೆ ತಿಳಿದದ್ದು ಆಗಲೇ.

ನಾನು ಒಂದು ದಿನ ರಜೆ ಹಾಕಿದೆ. ಬನ್ನೂರು ರಸ್ತೆ ಆ ಕಾಲದಲ್ಲಿ ನೋಡಲು ಚೆಂದ. ನಾಲೆ ನೀರಿನ ಭತ್ತದ ಗದ್ದೆ, ಕಬ್ಬು, ರಸ್ತೆಯುದ್ದಕ್ಕೂ ಮರ, ಆ ಸೀಮೆಗೇ ಹೆಸರಾದ ಗಿಡ್ಡ ಕಾಲಿನ ಬನ್ನೂರು ಕುರಿ ಹಿಂಡು. ಅಪ್ಪ ಪಕ್ಕದಲ್ಲಿ ಕೂತು ಪ್ರತಿ ನಿಲ್ದಾಣದ ಹೆಸರು ಹೇಳುತ್ತಾ ಬಂದರು. ಇಲ್ಲಿ ದಿನಾ ಒಬ್ಬ ಮೇಷ್ಟ್ರು ಹತ್ತೋರು. ಇಲ್ಲಿ ಹೂವಿನ ಬುಟ್ಟಿ ಹೊತ್ತ ಮುದುಕಿ, ಬುಟ್ಟಿಗೆ ಲಗೇಜ್ ಹಾಕಿದರೆ ಜಗಳ. ಇಲ್ಲಿ ನೈಟ್ ಹಾಲ್ಟ್, ಬಸ್ಸಿನಲ್ಲೇ ಮಲಗಿದರೆ ಡ್ರೈವರ್ ಮಾಮನ ಗೊರಕೆಗೆ ಊರ ನಾಯಿಗಳೆಲ್ಲ ಎದ್ದು ಬೊಗಳೋವು.

ಡ್ರೈವರ್ ಮಾಮನ ಮನೆ ಬನ್ನೂರಿನಾಚೆ ಒಂದು ಹಳ್ಳಿಯಲ್ಲಿ. ಅತ್ತೆ ಜಗಲಿ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದರು. ಅಪ್ಪನನ್ನು ನೋಡಿ ಎದ್ದು ನಿಂತರು. ಇಬ್ಬರೂ ಮಾಸ್ಕ್ ಹಾಕಿದ್ದರಿಂದ ಕಣ್ಣು ಮಾತ್ರ ಕಾಣುತ್ತಿತ್ತು. “ಯಾರೂ ಬರ್ನಿಲ್ಲ ಕನಣ್ಣ” ಅಂದರು ಅತ್ತೆ. “ಬರೋ ಹಂಗೂ ಇರ್ನಿಲ್ಲ ಬುಡಿ.” ಅಪ್ಪ ಜಗಲಿ ಮೇಲೆ ಕೂತರು. ತುಂಬ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಮಾಮನ ಗೊರಕೆಯ ಕಥೆ ತೆಗೆದರು. ಅತ್ತೆ ನಕ್ಕರು, ನಗುತ್ತಲೇ ಅತ್ತರು. ಒಳಗಿನಿಂದ ಮಜ್ಜಿಗೆ ತಂದು ಕೊಟ್ಟು, “ಅವ್ರಿದ್ದಿದ್ರೆ ನೀವು ಬಂದಿರದಕ್ಕೆ ಕೋಳಿ ಕುಯ್ಸೋರು” ಅಂದರು. ಹೊರಡುವಾಗ ಒಂದು ಕವರಿನ ತುಂಬ ಅವರೆಕಾಳು ಹಾಕಿ ಅಮ್ಮನ ಕೈಗಿಟ್ಟರು.

ನಿರ್ಬಂಧ ಸಡಿಲವಾದಾಗ ಜನ ಮಾಲಿಗೆ, ಸಿನಿಮಾಗೆ ನುಗ್ಗಿದ ಸುದ್ದಿಯೇ ಎಲ್ಲೆಡೆ ಬಂತು. ಆದರೆ ಆ ತಿಂಗಳುಗಳಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಓಡಾಡಿದ ಎಷ್ಟೋ ಕಾರು, ಬೈಕು, ಬಸ್ಸುಗಳಲ್ಲಿ ಹೀಗೆ ತಡವಾಗಿ ಮಾತಾಡಿಸಲು ಹೊರಟವರೂ ಇದ್ದರು ಅಂತ ನನಗನ್ನಿಸುತ್ತೆ. ಹೋಗಿ ಒಂದು ಗಳಿಗೆ ಜಗಲಿ ಮೇಲೆ ಕೂತು ಬರುವುದೂ ನಮ್ಮಿಂದ ಕಿತ್ತುಕೊಂಡಿದ್ದ ಒಂದು ಓಡಾಟವೇ.

ಅಲ್ಲಿಂದ ಸೋಮನಾಥಪುರ. ಮೈಸೂರಿನಿಂದ ಸುಮಾರು 35 ಕಿಲೋಮೀಟರ್. ಪುರಾತತ್ವ ಇಲಾಖೆಯವರು ಏಪ್ರಿಲ್ ಮಧ್ಯದಲ್ಲಿ ದೇಶದಾದ್ಯಂತ ಸ್ಮಾರಕಗಳನ್ನು ಮುಚ್ಚಿ ಜೂನ್ 16ಕ್ಕೆ ತೆರೆದಿದ್ದರು. ನಾವು ಹೋದಾಗ ಟಿಕೆಟ್‌ಗೆ ನಗದು ತೆಗೆದುಕೊಳ್ಳುತ್ತಿರಲಿಲ್ಲ, ಬಾಗಿಲ ಬಳಿ ಹಾಕಿದ್ದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದು ಟಿಕೆಟ್ ಪಡೆಯಬೇಕಿತ್ತು. ಅಪ್ಪ ಅದನ್ನೇ ನೋಡುತ್ತಾ ನಿಂತು, “ಚಿಲ್ಲರೆ ಜಗಳವೂ ಇಲ್ಲ, ಹರಿದು ಕೊಡೋಕೆ ಮನುಷ್ಯನೂ ಇಲ್ಲ” ಅಂದರು.

ಮಹಾದ್ವಾರದ ಹತ್ತಿರ ಎತ್ತರದ ಶಾಸನ ಇದೆ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನಲ್ಲಿ ಅಗ್ರಹಾರ ಮಾಡಿ, 1258ರಲ್ಲಿ ಈ ಕೇಶವ ದೇವಾಲಯ ಕಟ್ಟಿಸಿದ. ಒಂದೇ ಜಗತಿಯ ಮೇಲೆ ಮೂರು ಗರ್ಭಗುಡಿ, ಕೇಶವ, ಜನಾರ್ದನ, ವೇಣುಗೋಪಾಲ. ಸುತ್ತಲೂ ಕಂಬಗಳ ಕೈಸಾಲೆ. ಮೂಲ ವಿಗ್ರಹ ಹೋಗಿದ್ದರಿಂದ ಪೂಜೆ ನಡೆಯಲ್ಲ. ಅದರಿಂದಲೋ ಏನೋ ಅಲ್ಲಿ ಒಂದು ಬೇರೆ ಥರದ ನಿಶ್ಶಬ್ದವಿದೆ. ಅವತ್ತು ನಮ್ಮನ್ನು ಬಿಟ್ಟರೆ ಅಲ್ಲಿ ಇನ್ನೊಂದು ಸಂಸಾರ ಇತ್ತು, ಅಷ್ಟೇ.

ಜಗತಿಯ ಮೆಟ್ಟಿಲು ಅಪ್ಪ ನಿಧಾನಕ್ಕೆ ಹತ್ತಿದರು. ಗೋಡೆಯ ಕೆಳಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆ, ಬಳ್ಳಿ, ರಾಮಾಯಣ-ಭಾರತ-ಭಾಗವತದ ಕಥೆಗಳು. ಅಪ್ಪ ಬಗ್ಗಿ ಆನೆಗಳನ್ನು ಎಣಿಸಲು ಶುರು ಮಾಡಿದರು. ಮೂವತ್ತೆರಡು ವರ್ಷ ತಲೆ ಎಣಿಸಿದ ಅಭ್ಯಾಸ. ನಕ್ಷತ್ರದ ಹಾಗೆ ಮಡಿಕೆ ಮಡಿಕೆಯಾಗಿರುವ ಗೋಡೆಯಲ್ಲಿ ಲೆಕ್ಕ ತಪ್ಪಿ ಎರಡು ಸಲ ಬಿಟ್ಟರು. ಶಿಲ್ಪಗಳ ಕೆಳಗೆ ಹಳಗನ್ನಡದ ಅಕ್ಷರಗಳಿವೆ, ಕೆತ್ತಿದವರ ಹೆಸರು. ಮಲ್ಲಿತಮ್ಮ ಅನ್ನುವ ಶಿಲ್ಪಿಯ ಹೆಸರು ಮತ್ತೆ ಮತ್ತೆ ಬರುತ್ತೆ ಅಂತ ನಾನು ತೋರಿಸಿದೆ. “ಕೆಲಸ ಮುಗಿಸಿ ಸಹಿ ಹಾಕಿದ್ದಾನೆ. ನಾವು ವೇಬಿಲ್‌ಗೆ ಹಾಕೋ ಹಂಗೆ” ಅಂದರು ಅಪ್ಪ. ಒಳಗೆ ಹದಿನಾರು ಭುವನೇಶ್ವರಿಗಳು, ಒಂದರಂತೆ ಒಂದಿಲ್ಲ. ಬಾಳೆಹೂವಿನ ಮೊಗ್ಗು ತಲೆಕೆಳಗಾಗಿ ಇಳಿದು ಹಂತಹಂತವಾಗಿ ಬಿಚ್ಚಿಕೊಳ್ಳುವುದನ್ನು ಕಲ್ಲಿನಲ್ಲಿ ಮಾಡಿದ್ದಾರೆ. ನೆಲದ ಮೇಲೆ ನಿಂತು ಕತ್ತೆತ್ತಿ ನೋಡುತ್ತಾ ನೋಡುತ್ತಾ ಅಮ್ಮನಿಗೆ ಕತ್ತು ನೋವು ಬಂತು.

ಹೊರಗೆ ಬಂದು ಕೈಸಾಲೆಯ ನೆರಳಲ್ಲಿ ಕೂತಾಗ ಅಪ್ಪ ಹೇಳಿದರು. ಬಸ್ಸು ಇಲ್ಲಿ ಹತ್ತು ನಿಮಿಷ ನಿಲ್ಲೋದು, ಟೀ ಕುಡಿಯೋಕೆ. ಗೋಡೆಯಾಚೆ ಗೋಪುರದ ತುದಿಗಳು ಕಾಣೋವು. ಡ್ರೈವರ್ ಮಾಮ ಪ್ರತಿ ಸಲ ಗ್ಲಾಸು ಕೆಳಗಿಟ್ಟು, “ಯಾವತ್ತಾದ್ರೂ ಒಳೀಕ್ ಹೋಗಿ ನೋಡ್ಬೇಕು ಕನಯ್ಯ, ರಿಟೈರ್ ಆದ್ಮೇಲೆ” ಅನ್ನೋರಂತೆ. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಮರುವರ್ಷವೇ ಲಾಕ್‌ಡೌನ್. ಅಪ್ಪ ಇಷ್ಟು ಹೇಳಿ, ಆಕ್ಸಿಮೀಟರ್ ಕೇಳಿ ಬೆರಳಿಗೆ ಹಾಕಿಕೊಂಡರು. 97. “ಅವನ ಪಾಲಿಂದೂ ನೋಡಿದ್ದಾಯ್ತು. ನಡೀರಿ” ಅಂತ ಎದ್ದರು.

ಅಕ್ಟೋಬರ್‌ನಲ್ಲಿ ದಸರಾ. 2021ರ ದಸರಾ ಸರಳ ದಸರಾ. 7ನೇ ತಾರೀಕು ಎಸ್.ಎಂ. ಕೃಷ್ಣ ಅವರಿಂದ ಉದ್ಘಾಟನೆ, 15ಕ್ಕೆ ಜಂಬೂಸವಾರಿ, ಅದೂ ಅರಮನೆ ಆವರಣದೊಳಗೇ. ಅಭಿಮನ್ಯು ಅಂಬಾರಿ ಹೊತ್ತಿದ್ದನ್ನು ನಾವು ಟೀವಿಯಲ್ಲೇ ನೋಡಿದೆವು. ಆದರೆ ಊರಿನ ದೀಪಾಲಂಕಾರಕ್ಕೆ ಸರ್ಕಾರ ಕಡಿಮೆ ಮಾಡಲಿಲ್ಲ. ಅಪ್ಪನಿಗೆ ದಸರಾ ಅಂದರೆ ಸ್ಪೆಷಲ್ ಬಸ್ಸು, ರಜೆ ರದ್ದು, ಸಬರ್ಬನ್ ಬಸ್ ಸ್ಟ್ಯಾಂಡಿನ ನೂಕುನುಗ್ಗಲು. ಮೈಸೂರಿನವರಾಗಿ, ದೀಪದ ಕೆಳಗೆ ನಿಧಾನಕ್ಕೆ ನಡೆದು ನೋಡಿದ್ದೇ ಇಲ್ಲ ಅಂದರು.

ರಾತ್ರಿ ಕರ್ಫ್ಯೂ ಹತ್ತು ಗಂಟೆಗೆ. ಜನಜಂಗುಳಿ ಇರುವ ದಿನ ಬೇಡ ಅಂತ ವಾರದ ಮಧ್ಯೆ, ಏಳು ಗಂಟೆಗೇ ಹೊರಟೆವು. ಹಾರ್ಡಿಂಜ್ ಸರ್ಕಲ್ ಹತ್ತಿರ ಕಾರು ನಿಲ್ಲಿಸಿ, ಎರಡೆರಡು ಮಾಸ್ಕ್ ಹಾಕಿಕೊಂಡು, ಚಾಮರಾಜ ಸರ್ಕಲ್ ದಾಟಿ ಕೆ.ಆರ್. ಸರ್ಕಲ್ ತನಕ ನಡೆದೆವು. ಎಡಕ್ಕೆ ಅರಮನೆಯ ಕೋಟೆ, ಮೇಲೆ ಬಣ್ಣಬಣ್ಣದ ದೀಪದ ಚಪ್ಪರ. ಅಪ್ಪ ಎಲ್ಲೂ ಕೂರಲಿಲ್ಲ. ಎರಡು ಕಡೆ ನಿಂತರು, ಅದು ದೀಪ ನೋಡೋಕೋ ಉಸಿರಿಗೋ ಅಂತ ನಾನು ಕೇಳಲಿಲ್ಲ. ಎದುರಿಗೆ ಒಂದು ಕೆಂಪು ಬಸ್ಸು ಬಂತು. ಬಾಗಿಲಲ್ಲಿ ನಿಂತ ಹುಡುಗ ಕಂಡಕ್ಟರ್ ಅಪ್ಪನನ್ನು ಗುರುತು ಹಿಡಿದು, “ನಮಸ್ಕಾರ ಗುರುಗಳೇ, ಹುಷಾರಾ?” ಅಂತ ಕೂಗಿದ. ಅಪ್ಪ ಕೈ ಎತ್ತಿ, “ರೈಟ್ ರೈಟ್” ಅಂದರು.

2021ರ ನವೆಂಬರ್ 5ಕ್ಕೆ ರಾತ್ರಿ ಕರ್ಫ್ಯೂ ತೆಗೆದರು. ನಮ್ಮ ಕಂಪನಿಯಿಂದ ಆಫೀಸಿಗೆ ಬರುವ ತಯಾರಿಯ ಮೇಲ್‌ಗಳು ಶುರುವಾದವು. ಆಮೇಲೆ ದೂರದ ಊರುಗಳಿಗೂ ಹೋಗಬಹುದಾಗಿತ್ತು. ಆದರೆ ಗಂಟೆ, ಗಡಿ, ಉಸಿರು, ಮೂರೂ ಕೈಹಿಡಿದು ಕೂರಿಸಿದ್ದ ಆ ನಾಲ್ಕು ತಿಂಗಳಲ್ಲಿ ನಮಗೆ ಸಿಕ್ಕಿದ್ದು ದೂರದಲ್ಲಿ ಸಿಗುವಂಥದ್ದಲ್ಲ.

ನಿಮ್ಮ ಮನೆಯಲ್ಲೂ ಕಾಯಿಲೆಯಿಂದ ಎದ್ದು ಕೂತ ಹಿರಿಯರಿದ್ದರೆ, ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಅವರನ್ನು ಕೇಳಿ. ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಕೇಳಿದರೆ “ಎಲ್ಲಿಗೂ ಬೇಡ” ಅಂತಾರೆ. ಅದಕ್ಕೇ ಬೇರೆ ಥರ ಕೇಳಿ. ದಿನಾ ದಾಟಿಕೊಂಡು ಹೋಗಿ ಇಳಿಯದೇ ಬಿಟ್ಟ ಜಾಗ ಯಾವುದು ಅಂತ. ಮೇಷ್ಟ್ರಾಗಿದ್ದವರಿಗೆ, ಬ್ಯಾಂಕಿನಲ್ಲಿದ್ದವರಿಗೆ, ಮನೆ ನೋಡಿಕೊಂಡ ಅಮ್ಮಂದಿರಿಗೆ, ಎಲ್ಲರಿಗೂ ಅಂಥದ್ದೊಂದು ಜಾಗ ಇದ್ದೇ ಇರುತ್ತೆ. ಬೆಳಿಗ್ಗೆ ಬೇಗ ಹೊರಡಿ. ಕೂರಲು ನೆರಳಿದೆಯಾ, ಹತ್ತಿರ ಶೌಚಾಲಯ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಮನೆಯಿಂದಲೇ ನೀರು, ಬುತ್ತಿ ಒಯ್ಯಿರಿ. ಒಂದು ದಿನಕ್ಕೆ ಒಂದೇ ಜಾಗ ಸಾಕು.

ನಮ್ಮ ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಪ್ಪ ಪಟ್ಟಿ ಬರೆದಿಟ್ಟಿದ್ದಾರೆ. ತಲಕಾಡು, ಮೇಲುಕೋಟೆ, ತೊಣ್ಣೂರು ಕೆರೆ, ನಂಜನಗೂಡು. ಮೇಲುಕೋಟೆಯ ಮುಂದೆ ಬ್ರಾಕೆಟ್ಟಿನಲ್ಲಿ ‘ಮೆಟ್ಟಿಲು ಜಾಸ್ತಿ, ಮಾರ್ಚ್ ಆದ ಮೇಲೆ’ ಅಂತ ಬರೆದಿದೆ. ಪಟ್ಟಿಯ ಕೆಳಗೆ ಅಮ್ಮ ತನ್ನ ಕೈಬರಹದಲ್ಲಿ ಒಂದು ಸೇರಿಸಿದ್ದಾಳೆ: ‘ಅರಮನೆ, ಒಳಗಡೆ’.